ಅಮ್ಮನನ್ನು ತಮ್ಮನಿಗೆ ಒಪ್ಪಿಸಿ ಆನೆಗೊಂದಿಗೆ: ಆರೈಕೆ ಮಾಡುವವರ ಎರಡು ರಾತ್ರಿಯ ಬಿಡುವು

ಅಮ್ಮನಿಗೆ ಲಕ್ವ ಹೊಡೆದು ಮೂರು ವರ್ಷವಾಯಿತು. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಬಳ್ಳಾರಿಯ ನಮ್ಮ ಮನೆಯಲ್ಲಿ ಅವಳನ್ನು ನೋಡಿಕೊಳ್ಳುವವಳು ನಾನೇ. ಹಾಸಿಗೆ ಹುಣ್ಣು ಆಗಬಾರದೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. ಕಳೆದ ಮಳೆಗಾಲದ ಹೊತ್ತಿಗೆ ಒಲೆಯ ಮೇಲಿಟ್ಟ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೂ ನನಗೆ ನೆನಪಿರುತ್ತಿರಲಿಲ್ಲ. ಒಂದು ದಿನ ಅಮ್ಮ ಲೋಟದ ನೀರು ಚೆಲ್ಲಿದಳು. ನಾನು ಜೋರಾಗಿ ಕೂಗಿಬಿಟ್ಟೆ. ಅವಳು ಎಡಗೈಯಿಂದ ಸೆರಗು ಎಳೆದು ಮುಖ ಮುಚ್ಚಿಕೊಂಡಳು. ಅವತ್ತು ರಾತ್ರಿ ನಾನು ಮಲಗಲೇ ಇಲ್ಲ.

ಮರುದಿನ 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ-ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನೂ ಕಂಡೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ನದಿ, ಗುಡ್ಡ ನೋಡಿ ಬಂದರೆ ಮನಸ್ಸು ಹಗುರವಾಗುತ್ತದೆ, ನಿಜ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಮೊದಲು ವೈದ್ಯರು, ಆಮೇಲೆ ಪ್ರವಾಸ. ಇದರಲ್ಲಿ ನಾಚಿಕೆ ಬೇಡ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮನೋರೋಗಕ್ಕೆ ಚಿಕಿತ್ಸೆ ಕೊಡುವ ಪ್ರಯೋಗ ಮಾಡಿದ್ದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಡೀ ದೇಶಕ್ಕೆ ದಾರಿ ತೋರಿಸಿದ ಜಿಲ್ಲೆಯವರು ನಾವು. ಮನೋವೈದ್ಯರ ಕೋಣೆಯ ಮುಂದೆ ಕೂರಲು ನಾವೇ ಹಿಂಜರಿದರೆ ಹೇಗೆ?

ವೈದ್ಯರು ಹೇಳಿದ್ದರಲ್ಲಿ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಅಮ್ಮನ ಮಾತ್ರೆಗೆ ಹೇಗೆ ಟೈಮ್ ಇದೆಯೋ, ನಿಮ್ಮ ಬಿಡುವಿಗೂ ಹಾಗೇ ಟೈಮ್ ಇಡಿ ಅಂದರು. ಅಮ್ಮನ ಮಾತ್ರೆ ಬರೆದಿಡುವ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನನ್ನ ಎರಡು ರಾತ್ರಿಗಳನ್ನು ಬರೆದೆ.

ನನ್ನ ಹಾಗೆ ಮನೆಯಲ್ಲಿ ಯಾರನ್ನೋ ನೋಡಿಕೊಳ್ಳುತ್ತಿರುವವರಿಗೆ ಪ್ರವಾಸದ ಕಷ್ಟದ ಭಾಗ ಹೊಸ್ತಿಲು ದಾಟುವುದು. ಹೈದರಾಬಾದಿನಲ್ಲಿರುವ ತಮ್ಮನನ್ನು ನಾಲ್ಕು ದಿನ ರಜೆ ಹಾಕಿಸಿ ಕರೆಸಿದೆ. ನಾಲ್ಕು ದಿನ ಯಾಕೆಂದರೆ, ಮೊದಲ ದಿನ ಪೂರ್ತಿ ನಾನು ಮನೆಯಲ್ಲೇ ಇದ್ದು ಎಲ್ಲವನ್ನೂ ಅವನ ಕೈಯಿಂದಲೇ ಮಾಡಿಸಿದೆ. ಮಗ್ಗುಲು ಬದಲಿಸುವುದು, ತಲೆ ಎತ್ತಿ ಕೂರಿಸಿ ಗಂಜಿ ಕುಡಿಸುವುದು, ಡೈಪರ್ ಬದಲಿಸುವುದು. ಈ ಒಂದು ದಿನವನ್ನು ದಯವಿಟ್ಟು ಬಿಡಬೇಡಿ. ಫೋನಿನಲ್ಲಿ ಹೇಳಿಕೊಟ್ಟರೆ ಆಗುವ ಕೆಲಸ ಅಲ್ಲ ಇದು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಅಮ್ಮ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರೆ ಏನರ್ಥ, ಡಾಕ್ಟರ್ ನಂಬರ್ ಯಾವುದು, ಎಲ್ಲಾ ಸೇರಿ ನಾಲ್ಕು ಪುಟವಾಯಿತು. ಫೋನನ್ನು ಸೈಲೆಂಟ್ ಮಾಡಿ, ಒಂದೇ ನಂಬರಿನಿಂದ ಬೆನ್ನಿಗೇ ಎರಡನೇ ಸಲ ಬಂದ ಕರೆ ಮಾತ್ರ ರಿಂಗ್ ಆಗುವ ಹಾಗೆ ಇಟ್ಟೆ. ಈಗಿನ ಫೋನುಗಳಲ್ಲಿ ಆ ಸೆಟ್ಟಿಂಗ್ ಇರುತ್ತದೆ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಟೂರ್ ಹೋಗ್ತಾಳೆ ಅಂತ ನೆಂಟರೊಬ್ಬರು ಅಂದರು. ನಿಮಗೂ ಯಾರಾದರೂ ಅನ್ನುತ್ತಾರೆ. ಅನ್ನಲಿ ಬಿಡಿ.

ಇನ್ನು ದಾರಿ. ಆನೆಗೊಂದಿ ಇರುವುದು ಗಂಗಾವತಿಯ ಹತ್ತಿರ, ತುಂಗಭದ್ರೆಯ ದಂಡೆಯಲ್ಲಿ. ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ ಮೇಲೆ ಗಂಗಾವತಿಗೆ ಬಸ್ಸಿದೆ. ಎರಡು, ಎರಡೂವರೆ ಗಂಟೆ ಹಿಡಿಯುತ್ತದೆ. ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಮರೆಯಬೇಡಿ. ಮಳೆಗಾಲದಲ್ಲಿ ಹೋಗುವವರು ಒಂದು ವಿಷಯ ವಿಚಾರಿಸಿಕೊಂಡೇ ಹೊರಡಿ. ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ನಾನು ಮೊದಲ ಸಲ ಹೊರಟಿದ್ದು ಆಗಸ್ಟ್‌ನಲ್ಲಿ. ಕಂಪ್ಲಿಯಲ್ಲಿ ಇಳಿದು ನೋಡಿದರೆ ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಕಡೆಯಿಂದ ಸುತ್ತಿ ಹೋಗಬಹುದಿತ್ತು. ಆದರೆ ನನಗೆ ಅಷ್ಟು ಶಕ್ತಿ ಇರಲಿಲ್ಲ, ಅದೇ ಬ್ಯಾಗ್ ಹೊತ್ತು ಮನೆಗೆ ವಾಪಸ್ ಬಂದೆ. ಎರಡನೇ ಸಲ ಹೊರಟಿದ್ದು ನವೆಂಬರ್ ಕೊನೆಯಲ್ಲಿ, ಮಂಗಳವಾರ. ಈ ಕಡೆಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಂಡೆಗಳು ಹೆಂಚಿನ ಹಾಗೆ ಕಾಯುತ್ತವೆ. ವಾರದ ನಡುವಿನ ದಿನ ನೋಡಿಕೊಳ್ಳಿ. ಶನಿವಾರ ಆನೆಗೊಂದಿ ಪಕ್ಕದ ಅಂಜನಾದ್ರಿಗೆ, ಅಂದರೆ ಹನುಮಂತ ಹುಟ್ಟಿದ ಜಾಗ ಅನ್ನುವ ಬೆಟ್ಟಕ್ಕೆ, ಜನ ಜಾಸ್ತಿ. ಡಿಸೆಂಬರ್‌ನಲ್ಲಿ ಹನುಮಮಾಲೆ ಧರಿಸಿದವರು ಬರುವ ದಿನಗಳಲ್ಲಂತೂ ದಾರಿ ತುಂಬಾ ಕೇಸರಿ. ಭಕ್ತಿಗೆ ಹೋಗುವವರಿಗೆ ಅದು ಸಂಭ್ರಮ, ಮೌನ ಬೇಕಾದವರು ಬೇರೆ ವಾರ ಹೋಗಿ.

ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಸಿಂಧನೂರಿನ ನನ್ನ ಗೆಳತಿ ಕಾಯುತ್ತಿದ್ದಳು. ಶಾಲೆಯಲ್ಲಿ ಟೀಚರ್ ಅವಳು. ಜೊತೆಗೊಬ್ಬರು ಇರಲಿ ಅನ್ನುವುದು ನನ್ನ ಸಲಹೆ. ಮಾತು ಬೇಡ ಅಂದರೆ ಸುಮ್ನೆ ಕೂರಬಲ್ಲವರನ್ನು ಆರಿಸಿ. ಇಬ್ಬರೂ ಉಗ್ಗಾಣಿ, ಮಿರ್ಚಿ ತಿಂದು ಆಟೋ ಹತ್ತಿದೆವು. ಆನೆಗೊಂದಿಗೆ ಹತ್ತು–ಹನ್ನೆರಡು ಕಿಲೋಮೀಟರ್. ಭತ್ತದ ಕೊಯ್ಲು ನಡೆದಿತ್ತು. ರಸ್ತೆಯ ಅರ್ಧಕ್ಕೆ ಭತ್ತ ಹರವಿ ಒಣಗಿಸಿದ್ದರು. ಆಟೋದವನು ಒಂದು ಕಾಳೂ ತುಳಿಯದ ಹಾಗೆ ಬದಿಗೆ ಸರಿಸಿಕೊಂಡು ಓಡಿಸಿದ.

ಆನೆಗೊಂದಿ ಊರೊಳಗಿನ ಹೋಮ್‌ಸ್ಟೇಯಲ್ಲಿ ಉಳಿದೆವು. ಇಬ್ಬರಿಗೆ ದಿನಕ್ಕೆ ಸಾವಿರದ ಇನ್ನೂರು ರೂಪಾಯಿ, ಊಟ ಬೇರೆ. ಊರ ಹೊರಗೆ ಕಾಲುವೆ ಪಕ್ಕ, ಗದ್ದೆ ನಡುವೆ ಉಳಿಯುವ ಆಸೆ ಆಗುತ್ತದೆ. ಹೆಣ್ಣುಮಕ್ಕಳಷ್ಟೇ ಹೋಗುವುದಾದರೆ ಮನೆಗಳ ನಡುವೆ ಉಳಿಯಿರಿ, ಕತ್ತಲಾದ ಮೇಲೆ ಕಾಲುವೆ ದಂಡೆಗೆ ಹೋಗಿ ಕೂರಬೇಡಿ. ಸಾಣಾಪುರದ ಕೆರೆ, ಹೊಳೆ ಎಲ್ಲೇ ಆಗಲಿ, ಈಜಲು ಇಳಿಯಬೇಡಿ. ಬಂಡೆಗಳ ನಡುವಿನ ಸೆಳೆತ ಮೇಲಿಂದ ಕಾಣುವುದಿಲ್ಲ, ಹೊಳೆಯಲ್ಲಿ ಮೊಸಳೆಗಳೂ ಇವೆ. ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಬರುವುದಿಲ್ಲ ಅಂತ ನೀವೂ ತಿಳಿದುಕೊಂಡೇ ಹೋಗಿ. ಎರಡು ಗಂಟೆಗೆ ಎಚ್ಚರವಾಯಿತು. ಕತ್ತಲಲ್ಲಿ ನನ್ನ ಕೈ ತಾನಾಗಿ ಪಕ್ಕಕ್ಕೆ ಹೋಗಿ, ಅಮ್ಮನ ಬೆನ್ನಿನ ಕೆಳಗೆ ತೂರಿಸುವ ಹಾಗೆ ಹಾಸಿಗೆಯನ್ನು ತಡಕಿತು. ಅಲ್ಲಿ ತಣ್ಣನೆಯ ಬೆಡ್‌ಶೀಟ್ ಮಾತ್ರ. ನಾಲ್ಕಕ್ಕೆ ಮತ್ತೆ ಹಾಗೇ ಆಯಿತು. ತಮ್ಮನಿಗೆ ಫೋನ್ ಮಾಡಲೇ ಅಂತ ಮೂರು ಸಲ ಫೋನ್ ಎತ್ತಿದೆ, ಇಟ್ಟೆ. ಒಂದೇ ರಾತ್ರಿಗೆ ಬಂದಿದ್ದರೆ ಇಷ್ಟನ್ನೇ ಹೊತ್ತುಕೊಂಡು ವಾಪಸ್ ಹೋಗುತ್ತಿದ್ದೆ. ಅದಕ್ಕೇ ಹೇಳುವುದು, ಕನಿಷ್ಠ ಎರಡು ರಾತ್ರಿ ಬೇಕು.

ಬೆಳಗ್ಗೆ ಆರೂವರೆಗೆ ಹೊಳೆದಂಡೆಗೆ ಹೋದೆವು. ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದೆ. ಕಾಣಿಸುತ್ತವೆ ಅನ್ನುವ ಖಾತ್ರಿ ಇಲ್ಲ. ಮಾತಾಡದೆ ಕೂತರೆ ಒಂದಿಷ್ಟು ಅವಕಾಶ. ಮುಕ್ಕಾಲು ಗಂಟೆ ಕೂತ ಮೇಲೆ ಆಚೆ ಬಂಡೆಯ ಹತ್ತಿರ ನೀರಿನ ಮೇಲೆ ನಾಲ್ಕು ಕಪ್ಪು ತಲೆಗಳು ಎದ್ದವು. ಒಂದು ಬಂಡೆ ಹತ್ತಿ ಮೀನನ್ನು ಎರಡು ಮುಂಗಾಲಲ್ಲಿ ಹಿಡಿದು ತಲೆಯ ಕಡೆಯಿಂದ ಕಚ್ಚತೊಡಗಿತು. ತಿಂದು ಮುಗಿಸಿ, ಮೈ ಬಂಡೆಗೆ ಉಜ್ಜಿ, ಹೊರಳಿ, ಮತ್ತೆ ನೀರಿಗೆ. ಅಷ್ಟೂ ಹೊತ್ತು ಅಮ್ಮನ ಮಾತ್ರೆ ನನ್ನ ನೆನಪಿಗೇ ಬರಲಿಲ್ಲ. ಮೂರು ವರ್ಷದಲ್ಲಿ ಅದೇ ಮೊದಲು.

ಅವತ್ತು ಬೇರೇನೂ ನೋಡಲಿಲ್ಲ. ಅಂಜನಾದ್ರಿಯ 575 ಮೆಟ್ಟಿಲು, ಪಂಪಾ ಸರೋವರ, ನವಬೃಂದಾವನ ಎಲ್ಲವೂ ಹತ್ತಿರದಲ್ಲೇ ಇವೆ. ಎಲ್ಲವನ್ನೂ ಮುಗಿಸಬೇಕು ಅಂತ ಹೊರಟರೆ ಅದೂ ಮನೆಗೆಲಸದ ಪಟ್ಟಿಯೇ ಆಗುತ್ತದೆ, ಅಲ್ವಾ? ಮಧ್ಯಾಹ್ನ ಊರಲ್ಲಿ ಬಾಳೆ ನಾರಿನ ಕೆಲಸ ಮಾಡುವ ಹೆಣ್ಣುಮಕ್ಕಳ ಪಕ್ಕ ಕೂತೆವು. ಆನೆಗೊಂದಿ ಈ ಕೆಲಸಕ್ಕೆ ಹೆಸರಾದ ಊರು. ಒಬ್ಬಾಕೆ ನನ್ನ ಕೈಗೆ ಒದ್ದೆ ನಾರು ಕೊಟ್ಟು ಹೊಸೆಯುವುದು ಕಲಿಸಿದಳು. ಎರಡು ಎಳೆ ಬೆರಳ ನಡುವೆ ಹಿಡಿದು ಒಂದೇ ಕಡೆಗೆ ತಿರುವಬೇಕು. ಬಿಗಿ ಹೆಚ್ಚಾದರೆ ಗಂಟು ಬೀಳುತ್ತದೆ, ಸಡಿಲವಾದರೆ ಬಿಚ್ಚಿಕೊಳ್ಳುತ್ತದೆ. ಎರಡು ಗಂಟೆಗೆ ಒಂದು ಮೊಳ ಹಗ್ಗವಾಯಿತು. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ನನಗೆ ಚಿಂತೆಗಳೇ ಎದ್ದು ಬರುತ್ತವೆ. ಕೈಗೆ ಕೆಲಸ ಕೊಟ್ಟಾಗ ಅವು ಹಿಂದೆ ಸರಿದವು. ನಿಮಗೂ ಧ್ಯಾನ ಒಗ್ಗದಿದ್ದರೆ ಇದನ್ನು ಮಾಡಿ ನೋಡಿ. ಆ ರಾತ್ರಿ ಬೆಳಗ್ಗೆ ಐದೂಮುಕ್ಕಾಲರವರೆಗೆ ಮಲಗಿದೆ.

ಮೂರನೇ ದಿನ ಹಿರೇಬೆಣಕಲ್. ಗಂಗಾವತಿಯಿಂದ ಕೊಪ್ಪಳದ ಕಡೆಗೆ ಸುಮಾರು ಹತ್ತು ಕಿಲೋಮೀಟರ್. ಇಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ, ಸುಮಾರು 400 ಶಿಲಾ ಸಮಾಧಿಗಳಿವೆ. ಊರವರು ಮೊರೇರ ಮನೆ ಅನ್ನುತ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಮೇಲೆ ಅಂಗಡಿ ಇಲ್ಲ, ಕುಡಿಯುವ ನೀರಿಲ್ಲ. ಒಬ್ಬೊಬ್ಬರು ಎರಡು ಲೀಟರ್ ನೀರು, ಹಣ್ಣು, ಟೋಪಿ ಒಯ್ಯಿರಿ. ಚಪ್ಪಲಿ ಬೇಡ, ಶೂ ಇರಲಿ. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ, ಹಾಗಾಗಿ ಚೆನ್ನಾಗಿ ಬೆಳಕಾದ ಮೇಲೆ ಹತ್ತಿ ಮಧ್ಯಾಹ್ನದೊಳಗೆ ಇಳಿಯಿರಿ. ದಾರಿ ತಪ್ಪುವುದು ಸುಲಭ, ಊರವರೊಬ್ಬರನ್ನು ಕರೆದುಕೊಳ್ಳಿ. ನಮ್ಮ ಜೊತೆ ಒಬ್ಬ ಅಜ್ಜ ಬಂದ. ಐನೂರು ರೂಪಾಯಿ ಕೊಟ್ಟೆವು. ನಾನು ದಾಪುಗಾಲು ಹಾಕುತ್ತಿದ್ದರೆ, ‘ಅವಸರ ಮಾಡಬ್ಯಾಡ ತಂಗಿ, ಕಲ್ಲು ಎಲ್ಲಿಗೂ ಹೋಗಂಗಿಲ್ಲ’ ಅಂದ.

ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಒಳಗೆ ತೂರಬೇಡಿ, ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳಬೇಡಿ. ದೊಡ್ಡ ಬಂಡೆಯೊಂದರ ಮೇಲೆ ನಗಾರಿ ಆಕಾರದ ಕಲ್ಲಿದೆ, ಬಡಿದರೆ ದೂರದವರೆಗೆ ಕೇಳುತ್ತದೆ. ನಾವು ಬಡಿಯುವುದು ಬೇಡ ಅಂದೆವು.

ಒಂದು ಸಮಾಧಿಯ ಚಪ್ಪಡಿಯ ನೆರಳಲ್ಲಿ ಕೂತಾಗ, ಸತ್ತವರಿಗಾಗಿ ಈ ಜನ ಎಷ್ಟು ಭಾರ ಹೊತ್ತರಲ್ಲ ಅನ್ನಿಸಿತು. ಆಗ ಬಾಯಿಂದ ಬಂತು: ‘ಅಮ್ಮ ಹೋಗಿಬಿಟ್ಟರೆ ಸಾಕು ಅಂತ ಒಮ್ಮೊಮ್ಮೆ ಅನಿಸುತ್ತೆ ಕಣೇ.’ ಇದನ್ನು ನಾನು ವೈದ್ಯರ ಮುಂದೆಯೂ ಹೇಳಿರಲಿಲ್ಲ. ಗೆಳತಿ ಕಿತ್ತಳೆ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ‘ನಮ್ಮ ಅತ್ತೆ ಮಲಗಿದ್ದಾಗ ನನಗೂ ಅನಿಸ್ತಿತ್ತು’ ಅಂದು ಅರ್ಧ ಹಣ್ಣು ನನ್ನ ಕೈಗಿಟ್ಟಳು. ನಾನು ತುಂಬಾ ಹೊತ್ತು ಅತ್ತೆ. ಅಜ್ಜ ದೂರ ಹೋಗಿ ಬೆನ್ನು ತಿರುಗಿಸಿ ಕೂತ. ನಿಮ್ಮೊಳಗೂ ಈ ಮಾತು ಇದ್ದರೆ ನಂಬುವ ಒಬ್ಬರ ಹತ್ತಿರ ಹೇಳಿ. ಪ್ರೀತಿ ಇಲ್ಲದವರಿಗೆ ಬರುವ ಮಾತಲ್ಲ ಅದು, ಸುಸ್ತಾದವರಿಗೆ ಬರುವುದು.

ಮನೆಗೆ ಬಂದಾಗ ಅಮ್ಮ ಕ್ಷೇಮವಾಗಿದ್ದಳು. ತಮ್ಮ ಎರಡು ದಿನಕ್ಕೇ ಸೊರಗಿದ್ದ. ಈಗ ತಿಂಗಳಿಗೊಂದು ಭಾನುವಾರ ತಾನಾಗಿಯೇ ಬರುತ್ತಾನೆ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕೇಳಿ ಮಾಡಿದ ಅಧ್ಯಯನವೊಂದು 2019ರಲ್ಲಿ ಬಂದಿದೆ. ವಾರಕ್ಕೆ 120 ನಿಮಿಷವಾದರೂ ಗಿಡ, ಮರ, ನೀರಿನ ಹತ್ತಿರ ಕಳೆಯುವವರಲ್ಲಿ ಆರೋಗ್ಯವಾಗಿದ್ದೇವೆ, ನೆಮ್ಮದಿಯಾಗಿದ್ದೇವೆ ಅಂದವರು ಹೆಚ್ಚು. ಒಂದೇ ಸಲ ಕಳೆದರೂ ಸರಿ, ಬಿಡಿಬಿಡಿಯಾಗಿ ಕಳೆದರೂ ಸರಿ. ನಾನು ಬಿಡಿಬಿಡಿಯಾಗಿಯೇ ತೆಗೆದುಕೊಳ್ಳುತ್ತೇನೆ. ಬೆಳಗ್ಗೆ ಪಕ್ಕದ ಮನೆಯವರು ಅಮ್ಮನ ಹತ್ತಿರ ಕೂರುತ್ತಾರೆ, ನಾನು ಕೋಟೆ ಗುಡ್ಡದ ಕಡೆಗೆ ಇಪ್ಪತ್ತು ನಿಮಿಷ ನಡೆದು ಬರುತ್ತೇನೆ.

ಆ ಒಂದು ಮೊಳ ಹಗ್ಗ ಅಮ್ಮನ ಮಂಚದ ಮೇಲಿದೆ. ಫಿಸಿಯೋಥೆರಪಿಗೆ ಕೊಟ್ಟ ರಬ್ಬರ್ ಚೆಂಡನ್ನು ಮುಟ್ಟದವಳು, ಹಗ್ಗವನ್ನು ಎಡಗೈಯಿಂದ ಬಲಗೈ ಬೆರಳುಗಳ ನಡುವೆ ತೂರಿಸಿ ಮೆಲ್ಲಗೆ ಎಳೆಯುತ್ತಾಳೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಫೆಬ್ರವರಿಯ ಎರಡು ರಾತ್ರಿ ಬರೆದಾಗಿದೆ. ಗೆಳತಿ ಶಾಲೆಗೆ ರಜೆ ಚೀಟಿ ಕೊಟ್ಟಿದ್ದಾಳೆ.