ಕೊನೆಗೆ ಫೋನಿನಲ್ಲೇ ಕೇಳುವುದಾದರೆ ಟೇಪ್ ಯಾಕೆ?

ಅಮೆರಿಕದ ರಾಕ್ ತಂಡ ಫೂ ಫೈಟರ್ಸ್‌ನ ‘ವೇಸ್ಟಿಂಗ್ ಲೈಟ್’ (2011) ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ತಂಡದ ಮುಂದಾಳು ಡೇವ್ ಗ್ರೋಲ್ ಕ್ಯಾಲಿಫೋರ್ನಿಯಾದ ತಮ್ಮ ಮನೆಯ ಗ್ಯಾರೇಜಿನಲ್ಲಿ, ನಿರ್ಮಾಪಕ ಬುಚ್ ವಿಗ್ ಜೊತೆ ಕೂತು, ಕಂಪ್ಯೂಟರ್ ಬದಿಗಿಟ್ಟು ಟೇಪಿಗೇ ರೆಕಾರ್ಡ್ ಮಾಡಿದ ಆಲ್ಬಂ ಅದು. ನಮ್ಮಲ್ಲಿ ಬಹುತೇಕರ ಕಿವಿಗೆ ಬಿದ್ದದ್ದು ಮಾತ್ರ ಡಿಜಿಟಲ್ ಪ್ರತಿ.

ಸೌಂಡಿನ ಮಟ್ಟಿಗೆ ಉತ್ತರ ಚಿಕ್ಕದು. ಡ್ರಮ್ಮಿನ ಏಟನ್ನು ಜೋರು ಲೆವೆಲ್‌ನಲ್ಲಿ ಟೇಪಿಗೆ ಕೊಟ್ಟರೆ ಅದರ ತುದಿ ಒಡೆಯುವುದಿಲ್ಲ, ದುಂಡಗಾಗುತ್ತದೆ. ಆ ಬದಲಾವಣೆ ಸಿಗ್ನಲ್‌ನಲ್ಲೇ ಕೂತುಬಿಡುವುದರಿಂದ ಆಮೇಲೆ ಡಿಜಿಟಲ್ ಮಾಡಿದರೂ ಹೋಗದು. ಇಷ್ಟೇ ಬೇಕಿದ್ದರೆ ಇಂದು ಟೇಪಿನ ಸೌಂಡನ್ನು ಅನುಕರಿಸುವ ಒಳ್ಳೆಯ ಪ್ಲಗಿನ್ (ಸಾಫ್ಟ್‌ವೇರ್) ಸಾಕು.

ನಿಜವಾದ ವ್ಯತ್ಯಾಸ ಕೆಲಸ ನಡೆಯುವ ರೀತಿಯಲ್ಲಿದೆ. ಎರಡು ಇಂಚು ಅಗಲದ ಟೇಪಿನಲ್ಲಿ 24 ಟ್ರ್ಯಾಕ್, ಅಂದರೆ ಒಂದೊಂದು ವಾದ್ಯ ಅಥವಾ ದನಿಯನ್ನು ಬೇರೆಬೇರೆಯಾಗಿ ಹಿಡಿಯುವ 24 ಪಟ್ಟಿ. 2500 ಅಡಿಯ ರೀಲ್ ಸೆಕೆಂಡಿಗೆ 30 ಇಂಚಿನಂತೆ ಓಡಿದರೆ 16 ನಿಮಿಷ ಚಿಲ್ಲರೆ, 15ರಂತೆ ಓಡಿದರೆ 33. ಮೂವತ್ತರಲ್ಲಿ ಹಿಸ್ (ಟೇಪಿನ ‘ಸ್ಸ್’ ಸದ್ದು) ಕಮ್ಮಿ, ಆದರೆ ತೀರಾ ಕೆಳಗಿನ ಬಾಸ್ ಸೊರಗುತ್ತದೆ. ಬಾಸ್ ಮೈತುಂಬಿ ಬರಲಿ ಎನ್ನುವ ರಾಕ್‌ನವರು ಹದಿನೈದಕ್ಕೇ ಒಲಿಯುತ್ತಾರೆ. ಟೇಪಿನ ಅಂಚು ಹಾಳಾದರೆ ಮೊದಲು ಪೆಟ್ಟು 1 ಮತ್ತು 24ನೇ ಟ್ರ್ಯಾಕ್‌ಗೆ. ಮುಖ್ಯ ಗಾಯನವನ್ನು ಅಲ್ಲಿ ಇಡಬೇಡಿ.

ಇಲ್ಲಿ ‘ಅನ್‌ಡೂ’ ಇಲ್ಲ. ಹಾಡಿನ ನಡುವೆ ಒಂದು ಸಾಲು ತಿದ್ದಲು ರೆಕಾರ್ಡ್ ಒತ್ತಿದಿರೋ, ಹಳೆಯ ಸಾಲು ಹೋಯಿತು. ರೆಕಾರ್ಡಿಂಗ್‌ಗೆ ಒಳಹೋಗುವುದಕ್ಕಿಂತ ಅದರಿಂದ ಹೊರಬರುವುದೇ ಕಷ್ಟ: ಹಳೆಯದನ್ನು ಅಳಿಸುವ ಹೆಡ್ (ಟೇಪ್ ಹಾದುಹೋಗುವ ಕಾಂತೀಯ ಭಾಗ) ರೆಕಾರ್ಡ್ ಹೆಡ್‌ಗಿಂತ ಮೊದಲು ಇರುವುದರಿಂದ, ಹಳೆಯ ಮೆಷಿನ್‌ಗಳಲ್ಲಿ ನಿಲ್ಲಿಸಿದ ಜಾಗದಲ್ಲಿ ಚಿಕ್ಕದೊಂದು ಖಾಲಿ ಉಳಿಯುತ್ತದೆ. ಗಾಯಕ ಉಸಿರು ತೆಗೆದುಕೊಳ್ಳುವ ಜಾಗ ನೋಡಿಯೇ ಹೊರಬರಬೇಕು.

ಎಡಿಟಿಂಗ್‌ಗೆ ಬ್ಲೇಡು. ರೀಲನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ, ಕಿಕ್ ಡ್ರಮ್ಮಿನ ‘ಧಪ್’ ಹೆಡ್ ಮುಂದೆ ಬಂದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅದಕ್ಕೆ ಕೂದಲೆಳೆಯಷ್ಟು ಮುಂಚೆ ಓರೆಯಾಗಿ ಕತ್ತರಿಸಿ, ಟೇಪಿನ ಬೆನ್ನಿಗೆ ಸ್ಪ್ಲೈಸಿಂಗ್ ಟೇಪ್ ಅಂಟಿಸುತ್ತಾರೆ. ಬ್ಲೇಡಿಗೆ ಅಯಸ್ಕಾಂತದ ಗುಣ ಹತ್ತಿದ್ದರೆ ಜೋಡಣೆಯಲ್ಲಿ ‘ಟಿಕ್’ ಕೇಳುತ್ತದೆ. ಮುಖ್ಯ ವಿಷಯವೆಂದರೆ ಕತ್ತರಿಸಿದರೆ 24 ಟ್ರ್ಯಾಕೂ ಒಟ್ಟಿಗೇ ಕತ್ತರಿಸಿದ ಹಾಗೆ. ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಇನ್ನೂ ಮೊಳಗುತ್ತಿದ್ದರೆ ಅದರ ಬಾಲವೂ ತುಂಡು. ಆದ್ದರಿಂದ ಡ್ರಮ್ ಟೇಕುಗಳನ್ನು (ಒಂದೊಂದು ಸಲ ನುಡಿಸಿದ್ದನ್ನು) ಮೊದಲು ಕತ್ತರಿಸಿ ಜೋಡಿಸಿ, ಗಿಟಾರ್ ಮತ್ತು ಗಾಯನವನ್ನು ಅದರ ಮೇಲೆ ತುಂಬುವುದು ವಾಡಿಕೆ. ಯಾವ ಡ್ರಮ್ ಟೇಕ್ ಉಳಿಯಬೇಕು ಎಂಬ ತೀರ್ಮಾನ ಅಂದೇ ಆಗಬೇಕು, ಎಲ್ಲ ಟ್ರ್ಯಾಕ್ ಹದವಾಗಿ ಬೆರೆಸುವ ಮಿಕ್ಸಿಂಗ್‌ವರೆಗೆ ತಳ್ಳುವಂತಿಲ್ಲ.

ಟೇಪ್ ಮೆಷಿನ್ ಸಿಗದವರು ಕಂಪ್ಯೂಟರಿನಲ್ಲೇ 24 ಟ್ರ್ಯಾಕ್‌ಗೆ ನಿಂತು, ಪ್ರತಿ ಭಾಗಕ್ಕೂ ಒಂದೇ ಟೇಕ್ ಇಟ್ಟುಕೊಂಡು, ಮಿಕ್ಕಿದ್ದನ್ನು ಆಗಲೇ ಅಳಿಸಿ ನೋಡಬಹುದು.