ಹೋಳಿಗೆ ಬಿಟ್ಟೆ, ಭಾನುವಾರ ಸಿಕ್ಕಿತು

ಮೈಸೂರಿನಲ್ಲಿ ನನ್ನದೊಂದು ಕುರುಕಲು ತಿಂಡಿಯ ಸಣ್ಣ ಘಟಕ ಇದೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರದ ಅವಲಕ್ಕಿ, ಜೊತೆಗೆ ಸಾರಿನ ಪುಡಿ, ಚಟ್ನಿಪುಡಿ. ಊರಿನ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಹಾಕುತ್ತೇವೆ, ಆರ್ಡರ್ ಬಂದರೆ ಮನೆಗಳಿಗೂ ಕಳಿಸುತ್ತೇವೆ. ಹೊಸದಾಗಿ ಇಂಥ ಕೆಲಸಕ್ಕೆ ಇಳಿಯಬೇಕೆಂದಿರುವ ಹೆಂಗಸರು ಆಗಾಗ ಫೋನ್ ಮಾಡುತ್ತಾರೆ. ಬಂಡವಾಳ ಎಷ್ಟು ಬೇಕು, ಪರವಾನಗಿಗೆ ಎಲ್ಲಿ ಅರ್ಜಿ ಹಾಕಬೇಕು ಎಂದೆಲ್ಲ ಕೇಳಿ ಮುಗಿಸಿ, ಫೋನ್ ಇಡುವ ಮುಂಚೆ ದನಿ ತಗ್ಗಿಸಿ ಇನ್ನೊಂದು ಮಾತು ಕೇಳುತ್ತಾರೆ: "ಮನೆ ಹೇಗೆ ನಿಭಾಯಿಸುತ್ತೀರಿ ಅಕ್ಕ?" ಫೋನಿನಲ್ಲಿ ಅದಕ್ಕೆ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಬಾಂಡ್ಲಿಯಲ್ಲಿ ಎಣ್ಣೆ ಕಾಯುತ್ತಿರುತ್ತದೆ.

ಬೆಳಿಗ್ಗೆ ಬೇಗ ಏಳಿ, ವೇಳಾಪಟ್ಟಿ ಹಾಕಿಕೊಳ್ಳಿ, ಮನೆಯವರ ಸಹಕಾರ ಪಡೆಯಿರಿ ಎಂಬ ಬುದ್ಧಿಮಾತು ನನಗೂ ಧಾರಾಳವಾಗಿ ಸಿಕ್ಕಿದೆ. ಹೇಳಿದವರಲ್ಲಿ ಹೆಚ್ಚಿನವರು ತಿಂಗಳ ಸಂಬಳದವರು. ವ್ಯಾಪಾರಸ್ಥರಿಗೆ ಬಿಡುವು ಸಿಗುವುದು, ಸಿಗದಿರುವುದು ಅವರು ಯಾವ ಸರಕು ಮಾರುತ್ತಾರೆ ಎನ್ನುವುದರ ಮೇಲೆ ನಿಂತಿದೆ ಎಂದು ನನಗೆ ಕೆಲಸವೇ ಕಲಿಸಿತು. ಸರಕು ಎಷ್ಟು ದಿನ ಕೆಡದೆ ಇರುತ್ತದೆ, ಅದನ್ನು ಒಡತಿಯಲ್ಲದೆ ಇನ್ನು ಯಾರು ಮಾಡಬಲ್ಲರು, ಯಾವ ತಿಂಗಳಲ್ಲಿ ಅದು ಹೆಚ್ಚು ಖರ್ಚಾಗುತ್ತದೆ. ಇಷ್ಟು ಗೊತ್ತಾದರೆ ಆಕೆಯ ಸಂಸಾರ ಹೇಗೆ ನಡೆಯುತ್ತಿದೆ ಎಂದು ಮನೆಯ ಹೊಸ್ತಿಲು ತುಳಿಯದೆಯೇ ಹೇಳಬಹುದು.

ನಾವು ಶುರು ಮಾಡಿದ್ದು ಹೋಳಿಗೆಯಿಂದ. ನಮ್ಮ ಅತ್ತೆಯವರ ಕೈಯ ಹೋಳಿಗೆಗೆ ಬೀದಿಯಲ್ಲಿ ಹೆಸರಿತ್ತು. ಒಂದು ಹೋಳಿಗೆಯ ಮೇಲೆ ಉಳಿಯುವ ಲಾಭ ಚಕ್ಕುಲಿಯಲ್ಲಿ ಇಂದಿಗೂ ಇಲ್ಲ. ಆದರೆ ಬೇಳೆ ಹೋಳಿಗೆಗೆ ಮಾರನೆಯ ದಿನವೇ ಹಳಸುವ ಭಯ. ಕಾಯಿ ಹೋಳಿಗೆ ಇನ್ನೊಂದೆರಡು ದಿನ ತಡೆದೀತು, ಅಷ್ಟೇ. ಗಿರಾಕಿಗಳಿಗೋ ಅದು ಹಬ್ಬದ ಬೆಳಿಗ್ಗೆಯೇ, ಬಿಸಿ ಆರುವ ಮುಂಚೆಯೇ ಬೇಕು. ಹೀಗಾಗಿ ಹಿಂದಿನ ರಾತ್ರಿ ಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ ಕೆದಕಿ, ಹೂರಣ ರುಬ್ಬಿಟ್ಟು, ಕಣಕಕ್ಕೆ ಎಣ್ಣೆ ಸುರಿದು ನೆನೆಯಲು ಬಿಟ್ಟು ಮಲಗಿದರೆ, ಬೆಳಗಿನ ಜಾವಕ್ಕೆ ಮುಂಚೆಯೇ ಎದ್ದು ಹೆಂಚಿನ ಮುಂದೆ ನಿಲ್ಲಬೇಕು. ಎಲ್ಲರೂ ರೇಷ್ಮೆ ಸೀರೆ ಉಟ್ಟು ವರಮಹಾಲಕ್ಷ್ಮಿಗೆ ಕಲಶ ಕೂರಿಸುವ ಹೊತ್ತಿನಲ್ಲಿ ನನ್ನ ಮೈತುಂಬ ಮೈದಾ. ಭಾನುವಾರವಾದರೆ ಗೃಹಪ್ರವೇಶ, ಸೀಮಂತ, ನಾಮಕರಣ. ಹಬ್ಬದ ದಿನ ನಮ್ಮ ಮನೆಯವರ ಪಾಲಿಗೆ ಉಳಿಯುತ್ತಿದ್ದದ್ದು ಬಸಿದ ಕಟ್ಟು. ನಮ್ಮಷ್ಟು ಒಬ್ಬಟ್ಟಿನ ಸಾರು ಉಂಡ ಸಂಸಾರ ಮೈಸೂರಿನಲ್ಲಿ ಇನ್ನೊಂದು ಇರಲಾರದು.

ಹೋಳಿಗೆ ನಿಲ್ಲಿಸುತ್ತೇನೆ ಎಂದಾಗ ಅತ್ತೆಯವರು ಒಪ್ಪಲಿಲ್ಲ. "ಓಡುತ್ತಿರುವ ವ್ಯಾಪಾರವನ್ನು ಯಾರಾದರೂ ಕೈಯಾರೆ ನಿಲ್ಲಿಸುತ್ತಾರೆಯೇ?" ಎಂದರು. ಅವರು ಹೇಳಿದ್ದರಲ್ಲಿ ಹುರುಳಿತ್ತು. ನನ್ನ ಲೆಕ್ಕ ಬೇರೆಯಿತ್ತು. ಚಕ್ಕುಲಿ, ಕೋಡುಬಳೆಯನ್ನು ಚೆನ್ನಾಗಿ ಆರಿಸಿ ಗಾಳಿಯಾಡದಂತೆ ಕಟ್ಟಿಟ್ಟರೆ ಎರಡು ಮೂರು ವಾರ ಗರಿಗರಿಯಾಗಿಯೇ ಇರುತ್ತವೆ. ಅಂದರೆ ಗೋಕುಲಾಷ್ಟಮಿಯ ಸರಕನ್ನು ವಾರದ ಮುಂಚೆಯೇ ಕರಿದಿಡಬಹುದು. ಮಗಳಿಗೆ ಜ್ವರ ಬಂದ ದಿನ ಒಲೆ ಹಚ್ಚದಿದ್ದರೂ ಅಂಗಡಿಗೆ ಮಾಲು ಹೋಗುತ್ತದೆ, ಡಬ್ಬದಲ್ಲಿ ದಾಸ್ತಾನಿದ್ದರೆ ಸಾಕು. ಹೋಳಿಗೆಯಲ್ಲಿ ಆ ಮಾತೇ ಇಲ್ಲ. ಒಪ್ಪಿಕೊಂಡ ಮೇಲೆ ಯಾರಿಗೆ ಜ್ವರ ಬಂದರೂ ಹೆಂಚು ಕಾಯಲೇಬೇಕು. ಆ ವರ್ಷ ಆದಾಯಕ್ಕೆ ಪೆಟ್ಟು ಬಿತ್ತು, ಕೆಲವು ಹಳೆಯ ಗಿರಾಕಿಗಳು ಮುನಿಸಿಕೊಂಡರು. ಸಾಲದ ಕಂತು ಕುತ್ತಿಗೆಯ ಮೇಲೆ ಇರುವವರಿಗೆ ಹೀಗೆ ಬಿಡಿ ಎಂದು ನಾನು ಹೇಳುವುದಿಲ್ಲ. ನಮ್ಮ ಯಜಮಾನರಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಸಂಬಳದ ಕೆಲಸ ಇದ್ದದ್ದರಿಂದ ನಾನು ಆ ಧೈರ್ಯ ಮಾಡಿದೆ.

ಸರಕು ಬದಲಾಯಿತು, ಆದರೂ ನಾನು ಒಲೆ ಬಿಟ್ಟು ಕದಲುವಂತಿರಲಿಲ್ಲ. ಹಿಟ್ಟಿನ ಹದ ನನ್ನ ಕೈಯಲ್ಲಿತ್ತು, ನನಗೆ ಅದು ಅತ್ತೆಯವರ ಕೈಯಿಂದ ಬಂದಿತ್ತು. ಅವರ ಅಳತೆ ಎಂದರೆ ಒಂದು ಹಿತ್ತಾಳೆ ಪಾವು, ಒಂದು ಮುಷ್ಟಿ, "ನೋಡಿಕೊಂಡು ಹಾಕು" ಎನ್ನುವ ಮಾತು. ಚಕ್ಕುಲಿಯಲ್ಲಿ ಅಷ್ಟರಲ್ಲೇ ಎಲ್ಲವೂ ಇದೆ. ಬೆಣ್ಣೆ ತುಸು ಹೆಚ್ಚಾದರೆ ಸುರುಳಿ ಎಣ್ಣೆಗೆ ಬಿದ್ದೊಡನೆ ಬಿಚ್ಚಿಕೊಂಡು ಪುಡಿಯಾಗುತ್ತದೆ. ಕಡಿಮೆಯಾದರೆ ಕಲ್ಲು. ಉದ್ದಿನ ಹಿಟ್ಟು ಹದ ತಪ್ಪಿದರೆ ಬಣ್ಣ ಕೆಂಪಗೆ ಏರಿ ಒಳಗೆ ಹಸಿ ಉಳಿಯುತ್ತದೆ. ಕೆಲಸಕ್ಕೆ ಬರುವವರು ಚಕ್ಕುಲಿ ಒರಳು ಒತ್ತುತ್ತಿದ್ದರು, ಕರಿಯುತ್ತಿದ್ದರು, ಕಟ್ಟುತ್ತಿದ್ದರು. ಹಿಟ್ಟು ಕಲಸಲು ಮಾತ್ರ ನಾನೇ ಬೇಕು. ಮದುವೆಗೆ ಹೋದರೂ ಧಾರೆ ಮುಗಿಯುವ ಹೊತ್ತಿಗೆ ಫೋನ್: "ಅಕ್ಕ, ಹಿಟ್ಟು ಮುಗಿಯಿತು, ಏನು ಮಾಡಲಿ?"

ಒಂದು ಆಷಾಢದಲ್ಲಿ, ಕೆಲಸ ಕಡಿಮೆ ಇದ್ದಾಗ, ಎಲೆಕ್ಟ್ರಾನಿಕ್ ತಕ್ಕಡಿಯನ್ನು ಅತ್ತೆಯವರ ಮುಂದೆ ಇಟ್ಟೆ. ಅವರು ಎಂದಿನಂತೆ ಮುಷ್ಟಿ ಹಿಡಿಯುವುದು, ಹಿಟ್ಟಿಗೆ ಹಾಕುವ ಮೊದಲು ತಟ್ಟೆಗೆ ಹಾಕುವುದು, ನಾನು ಬರೆದುಕೊಳ್ಳುವುದು. ಮೊದಮೊದಲು ಅವರಿಗೆ ಇದು ಅವಮಾನದಂತೆ ಕಂಡಿತು. "ನನ್ನ ಕೈಯನ್ನೇ ತೂಗುತ್ತೀಯಾ?" ಎಂದರು. ಒಂದೇ ಕೈಯ ಮುಷ್ಟಿ ಬೆಳಿಗ್ಗೆ ಒಂದು ತೂಕ, ದಣಿದ ಸಂಜೆ ಇನ್ನೊಂದು ತೂಕ ಬರುತ್ತಿತ್ತು. ಅದನ್ನು ಕಂಡ ಮೇಲೆ ಅವರಿಗೇ ಕುತೂಹಲ ಹುಟ್ಟಿತು. "ಇನ್ನೊಂದು ಸಲ ತೂಗು" ಎಂದು ತಾವೇ ಕೇಳತೊಡಗಿದರು. ಅಕ್ಕಿ ಹಿಟ್ಟು ನಾಲ್ಕು ಪಾಲಿಗೆ ಹುರಿದ ಉದ್ದಿನ ಹಿಟ್ಟು ಒಂದು ಪಾಲು ಎನ್ನುವುದು ಎಲ್ಲ ಮನೆಗಳಲ್ಲೂ ಗೊತ್ತಿರುವ ಲೆಕ್ಕವೇ. ಬೆಣ್ಣೆ, ಉಪ್ಪು, ಇಂಗು, ಓಮ, ಎಳ್ಳು ಗ್ರಾಂ ಲೆಕ್ಕಕ್ಕೆ ಬಂದದ್ದೇ ನಮಗೆ ಹೊಸ ಸಂಗತಿ. ಒಂದು ಸಲದ ಹಿಟ್ಟಿಗೆ ಬೇಕಾದ ಮಸಾಲೆಯನ್ನೆಲ್ಲ ತೂಗಿ ಚಿಕ್ಕ ಪೊಟ್ಟಣ ಕಟ್ಟಿಟ್ಟೆವು. ಎಣ್ಣೆ ಕಾದಿದೆಯೇ ಎಂದು ಹಿಟ್ಟಿನ ಚೂರು ಬಿಟ್ಟು ನೋಡುವುದರ ಜೊತೆಗೆ ಉಷ್ಣಮಾಪಕವೂ ಬಂತು. ಸುರುಳಿಯ ಸುತ್ತಲಿನ ನೊರೆ ಇಳಿಯುವುದನ್ನು ಮಾತ್ರ ಇನ್ನೂ ಕಣ್ಣಿನಲ್ಲೇ ನೋಡಬೇಕು.

ನೀರನ್ನು ತೂಕಕ್ಕೆ ತರಲು ಆಗಲಿಲ್ಲ. ಹೊಸ ಅಕ್ಕಿಯ ಹಿಟ್ಟು ಕುಡಿಯುವ ನೀರೇ ಬೇರೆ, ಹಳೆಯ ಅಕ್ಕಿಯದೇ ಬೇರೆ. ಅದನ್ನು ನಮ್ಮಲ್ಲಿ ಹಳಬರಾದ ಒಬ್ಬರು ಕೈಯಿಂದಲೇ ಕಲಿತರು. ಅವರ ಸಂಬಳ ಏರಿಸಿದೆ. ಅದು ಉದಾರತನವೇನಲ್ಲ. ಅವರು ಬಿಟ್ಟು ಹೋದರೆ ನನ್ನ ಭಾನುವಾರವೂ ಅವರ ಹಿಂದೆಯೇ ಹೋಗುತ್ತದೆ. ಮನೆಯ ನೆಮ್ಮದಿಗೆ ಎಂದು ನಾನು ಮಾಡುವ ಖರ್ಚುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಸಂಬಳ, ಎಲ್ಲಕ್ಕಿಂತ ಸಾರ್ಥಕವಾದದ್ದೂ ಅದೇ. ಗುಟ್ಟು ಹೊರಗೆ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹೋಗಬಹುದು. ಚಕ್ಕುಲಿಯಲ್ಲಿ ಅಂಥ ಮಹಾಗುಟ್ಟು ಏನಿದೆ?

ಹಬ್ಬದ ವಿಷಯಕ್ಕೆ ಬರುತ್ತೇನೆ. ತಿಂಡಿ ವ್ಯಾಪಾರದವರ ಸಂಕಟ ಬೇರೆಯವರಿಗೆ ತಿಳಿಯುವುದು ಕಷ್ಟ. ಊರಿಗೆಲ್ಲ ಬಿಡುವಿದ್ದಾಗ ನಮಗೆ ದುಡಿಮೆ. ಶ್ರಾವಣ ಹಿಡಿದರೆ ವರಮಹಾಲಕ್ಷ್ಮಿ, ಗೋಕುಲಾಷ್ಟಮಿ, ಗೌರಿ-ಗಣೇಶ ಎಂದು ಉಸಿರಾಡಲು ಬಿಡುವಿಲ್ಲ. ಆಮೇಲೆ ದಸರೆಗೆ ಗೊಂಬೆ ಕೂರಿಸಿದ ಮನೆಗಳಿಗೆ ಬರುವ ಮಕ್ಕಳಿಗೆ ಹಂಚಲು ಗೊಂಬೆ ತಿಂಡಿಯ ಪೊಟ್ಟಣ ಬೇಕು, ಆಮೇಲೆ ದೀಪಾವಳಿ, ಆಮೇಲೆ ಸಂಕ್ರಾಂತಿಯ ಎಳ್ಳು-ಬೆಲ್ಲ. ಮಕ್ಕಳಿಗೆ ಶಾಲೆ ರಜೆ ಇರುವ ಏಪ್ರಿಲ್-ಮೇ ತಿಂಗಳಲ್ಲಿ ಮದುವೆಗಳು, ಸಾಲದ್ದಕ್ಕೆ ಹಪ್ಪಳ-ಸಂಡಿಗೆಯ ಬಿಸಿಲು.

ಪಂಚಾಂಗವನ್ನೇ ಸರಿಯಾಗಿ ನೋಡಿದಾಗ ಅದರಲ್ಲಿ ನಮಗೂ ಎರಡು ಕಿಂಡಿ ಕಂಡವು. ಒಂದು ಆಷಾಢ, ಇನ್ನೊಂದು ಪಿತೃಪಕ್ಷ. ಎರಡರಲ್ಲೂ ಮದುವೆ-ಮುಂಜಿ ಇಲ್ಲ, ಶುಭಕಾರ್ಯದ ಆರ್ಡರ್ ಇಲ್ಲ. ಮೊದಲು ಆ ದಿನಗಳಲ್ಲಿ ಮಾರಾಟ ಇಲ್ಲವೆಂದು ಚಡಪಡಿಸಿ, ರಿಯಾಯಿತಿ ಕೊಟ್ಟು, ಅಂಗಡಿ ಅಂಗಡಿ ತಿರುಗುವ ಆಲೋಚನೆ ಇತ್ತು. ಈಗ ಅವೆರಡೂ ನಮ್ಮ ರಜೆ. ಊರಿಗೆ ಹೋಗುವುದು, ವೈದ್ಯರ ಬಳಿ ತೋರಿಸಿಕೊಳ್ಳುವುದು, ಮಗಳ ಶಾಲೆಯ ಮೇಷ್ಟರನ್ನು ಕಂಡು ಮಾತನಾಡುವುದು ಎಲ್ಲವೂ ಆಗಲೇ. ಬಾಂಡ್ಲಿ, ಒರಳು, ಜಾಲರಿ ಸೌಟಿನ ದುರಸ್ತಿಯೂ ಆಗಲೇ. ಮಗಳ ಶಾಲೆ ಆಷಾಢದಲ್ಲಿ ನಡೆಯುತ್ತಲೇ ಇರುತ್ತದೆ, ಹಾಗಾಗಿ ಪ್ರವಾಸ ಎಂದರೆ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ. ಅವಳ ಬೇಸಿಗೆ ರಜೆಗೆ ನನ್ನ ಬಳಿ ಇನ್ನೂ ಉಪಾಯವಿಲ್ಲ. ಅಜ್ಜಿಯ ಮನೆಗೆ ಕಳಿಸುತ್ತೇವೆ. ಅದನ್ನು ಅವಳು ಸಂತೋಷದಿಂದ ಒಪ್ಪಿದ್ದಾಳೆಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವುದನ್ನು ಮಾತ್ರ ಪಾಡ್ಯದ ಬದಲು ಸರಸ್ವತಿ ಪೂಜೆಯ ದಿನಕ್ಕೆ ಸರಿಸಿದೆವು. ಅಷ್ಟು ಹೊತ್ತಿಗೆ ಆರ್ಡರಿನ ಬಿರುಸು ಇಳಿದಿರುತ್ತದೆ.

ಆದರೂ ಒಂದೊಂದು ಸಲ ಆ ಕಿಂಡಿಯೂ ಮುಚ್ಚುತ್ತದೆ. 2025ರ ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಮಂಡಳಿಯ ಸಭೆಯ ತೀರ್ಮಾನ ಟಿವಿಯಲ್ಲಿ ಬಂತು. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಖಾರದ ತಿಂಡಿಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿತ್ತು. ಒಳ್ಳೆಯ ಸುದ್ದಿಯೇ. ಜಾರಿಯಾಗುವ ದಿನ ಸೆಪ್ಟೆಂಬರ್ 22, ಅಂದೇ ನವರಾತ್ರಿಯ ಮೊದಲ ದಿನ. ನಡುವಿನ ದಿನಗಳಲ್ಲಿ ಹೆಚ್ಚಿನವು ಪಿತೃಪಕ್ಷ. ಹೊಸ ಬೆಲೆ ಲೆಕ್ಕ ಹಾಕುವುದು, ಲೇಬಲ್ ಅಚ್ಚು ಹಾಕಿಸುವುದು, ದಾಸ್ತಾನಿನ ಪೊಟ್ಟಣಗಳಿಗೆ ಸ್ಟಿಕ್ಕರ್ ಅಂಟಿಸುವುದು, ಅಂಗಡಿಯವರಿಗೆ ವಿವರಿಸುವುದು. ಯಜಮಾನರು ಪಾಳಿ ಮುಗಿಸಿ ಬಂದು ಸ್ಟಿಕ್ಕರ್ ಹಚ್ಚಿದರು, ಮಗಳೂ ಹಚ್ಚಿದಳು, ಅತ್ತೆಯವರು ಅವಳು ಸೊಟ್ಟಗೆ ಹಚ್ಚಿದ್ದನ್ನು ಕಿತ್ತು ನೆಟ್ಟಗೆ ಹಚ್ಚಿದರು. ಆ ವರ್ಷದ ರಜೆ ಹೀಗೆ ಅಂಟಿಹೋಯಿತು.

ಹಣದ ಮಾತನ್ನು ಹೆಂಗಸರು ಕೊನೆಗೆ ಕೇಳುತ್ತಾರೆ, ಮೊದಲೇ ಕೇಳಬೇಕು. ಗಿರಾಕಿ ಕೊಟ್ಟದ್ದು, ತವರಿನವರು ಕಳಿಸಿದ್ದು, ಚೀಟಿ ಹಣ, ಯಜಮಾನರು ದಿನಸಿಗೆ ಹಾಕಿದ್ದು, ಎಲ್ಲವೂ ಒಂದೇ ಖಾತೆಗೆ ಬಂದರೆ ಮನೆಯ ಜಗಳ ಯಾವುದು, ವ್ಯಾಪಾರದ ನಷ್ಟ ಯಾವುದು ಎಂದು ಬಿಡಿಸಲು ಬ್ರಹ್ಮನಿಂದಲೂ ಆಗುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ನಗದು ಮಾತ್ರ" ಎಂದು ಬರೆದು ಅಂಟಿಸಿದ್ದು ನೆನಪಿರಬಹುದು. ಆಗ ಹಲವರು ಹೇಳಿದ್ದು ಇದನ್ನೇ: ಖಾತೆಗೆ ಬಂದದ್ದೆಲ್ಲ ವ್ಯಾಪಾರದ ಹಣವಲ್ಲ, ಮನೆಯದೂ ಇದೆ. ಹೌದು, ಇದೆ, ಆದರೆ ಅದನ್ನು ತೋರಿಸುವುದು ಹೇಗೆ? ನಮ್ಮದು ಮೊದಲಿನಿಂದಲೂ ಬೇರೆ ಚಾಲ್ತಿ ಖಾತೆ. ಅದರಿಂದ ನಾನು ತಿಂಗಳಿಗೆ ಇಂತಿಷ್ಟು ಎಂದು ಸಂಬಳದಂತೆ ತೆಗೆದುಕೊಳ್ಳುತ್ತೇನೆ. ಮಾರಾಟ ಚೆನ್ನಾಗಿದ್ದ ತಿಂಗಳೂ ಅಷ್ಟೇ, ಆಷಾಢದಲ್ಲೂ ಅಷ್ಟೇ. ಹೀಗೆ ಮಾಡಿದ್ದರಿಂದ ಮನೆಯಲ್ಲಿ ಆದ ಲಾಭವನ್ನು ಯಾವ ಲೆಕ್ಕಪರಿಶೋಧಕರೂ ಬರೆಯಲಾರರು. "ದಸರೆಯಲ್ಲಿ ಅಷ್ಟು ಬಂತಲ್ಲ, ಎಲ್ಲಿ ಹೋಯಿತು?" ಎಂಬ ಮಾತು ನಿಂತಿತು.

ಫೋನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ವ್ಯಾಪಾರಕ್ಕೆ ಬೇರೆ ನಂಬರ್ ಇರಲಿ, ಅದು ರಾತ್ರಿ ಘಟಕದಲ್ಲೇ ಉಳಿಯಲಿ. ಘಟಕ ಮನೆಯಿಂದ ಹೊರಗೆ ಇರಬೇಕು ಎನ್ನುವುದೂ ಅಷ್ಟೇ ಸರಳ. ಮಗಳ ಸಮವಸ್ತ್ರಕ್ಕೆ ಕರಿದ ಎಣ್ಣೆಯ ವಾಸನೆ ಹಿಡಿದು ಶಾಲೆಯಲ್ಲಿ ಅವಳನ್ನು "ಚಕ್ಕುಲಿ" ಎಂದು ಕರೆಯತೊಡಗಿದ ಮೇಲೆ ನಾವು ಬಾಡಿಗೆ ಶೆಡ್ ಹುಡುಕಿದೆವು. ಯಂತ್ರಗಳಿಗೆ ಕಿರು ಆಹಾರ ಸಂಸ್ಕರಣೆಯ ಕೇಂದ್ರ ಯೋಜನೆಯಲ್ಲಿ ಬ್ಯಾಂಕ್ ಸಾಲದ ಮೇಲೆ ಸಹಾಯಧನ ಸಿಗುತ್ತದೆ, ಕರ್ನಾಟಕದಲ್ಲಿ ಅದಕ್ಕೆ ರಾಜ್ಯ ಸರ್ಕಾರದ ಪಾಲೂ ಸೇರುತ್ತದೆ. ಕಾಗದಪತ್ರಕ್ಕೆ ತಾಳ್ಮೆ ಬೇಕು.

ಈಗ ಒಂದು ಸೂಪರ್ ಮಾರ್ಕೆಟ್ ಸರಣಿಯವರು ಮಾಲು ಕೇಳುತ್ತಿದ್ದಾರೆ. ಪ್ರಮಾಣ ದೊಡ್ಡದು, ದರವೂ ಪರವಾಗಿಲ್ಲ. ಷರತ್ತು ಓದಿದಾಗ ನಾನು ಮೊದಲು ನೋಡಿದ್ದು ಹಣ ಎಷ್ಟು ದಿನಕ್ಕೆ ಬರುತ್ತದೆ ಎಂದು. ನಮ್ಮಂಥ ಕಿರು ಉದ್ಯಮಗಳಿಗೆ ಒಪ್ಪಂದ ಮಾಡಿಕೊಂಡರೂ 45 ದಿನಕ್ಕಿಂತ ಹೆಚ್ಚು ಕಾಲ ಹಣ ತಡೆಹಿಡಿಯುವಂತಿಲ್ಲ ಎಂದು 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಹೇಳುತ್ತದೆ. ಅವರು ಕೇಳಿದ್ದು ಅದಕ್ಕಿಂತ ಹೆಚ್ಚು. ಎರಡನೆಯದಾಗಿ ನೋಡಿದ್ದು ವರ್ಷಪೂರ್ತಿ ವಾರಕ್ಕೆರಡು ಸಲ ಮಾಲು ಕೊಡಬೇಕೆಂಬ ಸಾಲನ್ನು. ಪಿತೃಪಕ್ಷದಲ್ಲಿ ನಮ್ಮ ಘಟಕ ಮುಚ್ಚಿರುತ್ತದೆ, ಬೇಕಾದರೆ ಮುಂಚಿತವಾಗಿ ದಾಸ್ತಾನು ಕೊಡುತ್ತೇನೆ ಎಂದೆ. ಖರೀದಿ ವಿಭಾಗದ ಆ ಹುಡುಗ ಪಿತೃಪಕ್ಷ ಯಾವ ತಿಂಗಳಲ್ಲಿ ಬರುತ್ತದೆ ಎಂದು ಕೇಳಿ ಬರೆದುಕೊಂಡ, ಮೇಲಿನವರನ್ನು ವಿಚಾರಿಸಿ ಹೇಳುತ್ತೇನೆ ಎಂದ. ಅತ್ತೆಯವರು ಒಪ್ಪಿಬಿಡು ಎನ್ನುತ್ತಿದ್ದಾರೆ. ಸರಣಿಯವರು ಹಣದ ಗಡುವು ಇಳಿಸದಿದ್ದರೆ ನಾನು ಒಪ್ಪುವುದಿಲ್ಲ. ಇಳಿಸಿದರೆ ಹಿಟ್ಟು ಕಲಸಲು ಇನ್ನೊಬ್ಬರಿಗೆ ಕಲಿಸಿಯೇ ಸಹಿ ಹಾಕುತ್ತೇನೆ, ಅದಕ್ಕೆ ಕಡಿಮೆಯೆಂದರೂ ಒಂದು ಆಷಾಢ ಬೇಕು.