ಅಪ್ಪನ ಹೆಬ್ಬೆರಳು ಮತ್ತು ಹೊಸ ರಿಮೋಟ್

ಅಪ್ಪನಿಗೆ ಟಿವಿ ಹಾಕಲು ಕಣ್ಣು ಬೇಕಿರಲಿಲ್ಲ. ರಿಮೋಟ್‌ನಲ್ಲಿ 5ರ ಗುಂಡಿಯ ಮೇಲೆ ಸಣ್ಣದೊಂದು ಉಬ್ಬು ಇರುತ್ತದೆ. ಕಣ್ಣು ಚೆನ್ನಾಗಿರುವವರು ಅದನ್ನು ಗಮನಿಸುವುದೇ ಇಲ್ಲ. ಹೆಬ್ಬೆರಳು ಆ ಉಬ್ಬಿನ ಮೇಲೆ ಕೂತರೆ ಸಾಕು, ಉಳಿದ ಅಂಕಿಗಳು ಎಲ್ಲೆಲ್ಲಿವೆ ಎಂಬುದು ಬೆರಳಿಗೇ ಗೊತ್ತು. ಗ್ಲೊಕೋಮಾದಿಂದ ದೃಷ್ಟಿ ವರ್ಷ ವರ್ಷಕ್ಕೂ ಕುಗ್ಗಿ, ಕೊನೆಗೆ ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟಕ್ಕೆ ಬಂದು ನಿಂತಾಗಲೂ ವಾರ್ತೆಯದು ಯಾವ ನಂಬರು, ಸಂಗೀತದ್ದು ಯಾವುದು, ಆಟದ್ದು ಯಾವುದು ಎಂಬುದೆಲ್ಲ ಅವರಿಗೆ ಬಾಯಿಪಾಠ. ಮೂರು ಅಂಕಿ ಒತ್ತಿದರೆ ದನಿ ಕೇಳುತ್ತಿತ್ತು. ಯಾರನ್ನೂ ಕರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಮನೆಯಲ್ಲಿ ಉಳಿದವರೆಲ್ಲ ಕೇಬಲ್ ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ನಮಗೆ ಬೇಕಾದದ್ದು ಆ್ಯಪ್‌ಗಳಲ್ಲಿತ್ತು, ಬೇಕಾದ ಹೊತ್ತಿಗೆ ಸಿಗುತ್ತಿತ್ತು. ಅಪ್ಪನಿಗಾಗಿಯೇ ಆ ಕನೆಕ್ಷನ್ ಉಳಿಸಿಕೊಂಡಿದ್ದೆವು. ಒಂದು ದಿನ ಕೇಬಲ್ ಕೊಡುತ್ತಿದ್ದವರೇ ಗಿರಾಕಿಗಳು ಸಾಲುತ್ತಿಲ್ಲವೆಂದು ಕೆಲಸ ನಿಲ್ಲಿಸಿದರು. ಇದು ನಮ್ಮ ಮನೆಗೆ ಮಾತ್ರ ಬಂದದ್ದಲ್ಲ. ಕೇಬಲ್ ಹುಟ್ಟಿ ಬೆಳೆದ ಅಮೆರಿಕದಲ್ಲೇ 2022ರ ಜುಲೈನಲ್ಲಿ ಮೊದಲ ಸಲ ಜನ ಕೇಬಲ್‌ಗಿಂತ ಸ್ಟ್ರೀಮಿಂಗ್ ಅನ್ನು, ಅಂದರೆ ನೆಟ್ ಮೂಲಕ ಬರುವ ವಿಡಿಯೊವನ್ನು, ಹೆಚ್ಚು ನೋಡಿದರೆಂದು ಟಿವಿ ವೀಕ್ಷಣೆಯನ್ನು ಅಳೆಯುವ ನೀಲ್ಸನ್ ಸಂಸ್ಥೆಯ ಲೆಕ್ಕ ಹೇಳಿತು. 2025ರ ಮೇ ಹೊತ್ತಿಗೆ ಕೇಬಲ್ ಮತ್ತು ಆಂಟೆನಾಕ್ಕೆ ಸಿಗುವ ಬಯಲು ಪ್ರಸಾರ ಎರಡನ್ನೂ ಕೂಡಿಸಿದರೂ ಸ್ಟ್ರೀಮಿಂಗ್‌ನದೇ ಮೇಲುಗೈಯಾಗಿತ್ತು. ಹೀಗಿರುವಾಗ ಸಣ್ಣ ಕೇಬಲ್‌ನವರು ಎಷ್ಟು ದಿನ ತಡೆದಾರು?

ಹಾಗೆ ಒಂದು ಭಾನುವಾರ ಬೆಳಿಗ್ಗೆ ಸೆಟ್ ಟಾಪ್ ಬಾಕ್ಸ್ ಬಿಚ್ಚಿ, ಅದರ ಜಾಗದಲ್ಲಿ ನೆಟ್‌ಗೆ ಜೋಡಿಸುವ ಪುಟ್ಟ ಸಾಧನ ಸಿಕ್ಕಿಸಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಹೊಸ ರಿಮೋಟ್ ಅವರ ಕೈಗಿಟ್ಟೆ. ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒಮ್ಮೆ ಸವರಿದರು. ನಡುವೆ ಒಂದು ಬಳೆಯಾಕಾರದ ಗುಂಡಿ, ಸುತ್ತ ನಾಲ್ಕಾರು ಚಿಕ್ಕ ಗುಂಡಿಗಳು.

"ಅಂಕಿಗಳು ಎಲ್ಲಮ್ಮಾ?"

"ಅಂಕಿಗಳಿಲ್ಲಪ್ಪಾ. ಬಾಣದ ಗುಂಡಿ ಒತ್ತುತ್ತಾ ಹೋಗಬೇಕು."

"ವಾರ್ತೆಗೆ ಎಷ್ಟು ಸಲ ಒತ್ತಬೇಕು ಹೇಳಿಬಿಡು, ನೆನಪಿಟ್ಟುಕೊಳ್ಳುತ್ತೇನೆ."

ಹೇಳಿದೆ. ಬಲಕ್ಕೆ ಎರಡು, ಕೆಳಗೆ ಒಂದು, ಆಮೇಲೆ ಓಕೆ. ಅವರ ನೆನಪಿನ ಶಕ್ತಿ ನನಗಿಂತ ಚುರುಕು. ಮಧ್ಯಾಹ್ನದವರೆಗೆ ತಾವೇ ಹಾಕಿಕೊಂಡು ಕೇಳಿದರು. ಊಟ ಮುಗಿಸಿ ಮತ್ತೆ ಹಾಕಿದಾಗ ಯಾವುದೋ ಮಕ್ಕಳ ಕಾರ್ಟೂನ್ ಶುರುವಾಯಿತು. ನಡುವೆ ಮನೆಯ ಮಗು ಅದೇ ಟಿವಿಯಲ್ಲಿ ಏನೋ ನೋಡಿತ್ತು. ಅಷ್ಟಕ್ಕೇ ಮುಖಪುಟದ ಸಾಲುಗಳು ಸ್ಥಳ ಬದಲಿಸಿದ್ದವು. ಇದು ಕೆಟ್ಟು ನಿಂತದ್ದಲ್ಲ, ಮಾಡಿರುವುದೇ ಹಾಗೆ. ನಾವು ಏನು ನೋಡಿದೆವು, ಎಲ್ಲಿ ಬಿಟ್ಟೆವು ಎಂಬುದನ್ನು ಲೆಕ್ಕ ಹಾಕಿ ಪರದೆಯನ್ನು ಮರುಜೋಡಿಸುವುದೇ ಈ ಸೇವೆಗಳ ಹೆಗ್ಗಳಿಕೆ. ಕಣ್ಣಿಲ್ಲದವರ ಮಟ್ಟಿಗೆ ಅದು ಮನೆಯ ಕುರ್ಚಿ ಮೇಜುಗಳನ್ನು ಗಂಟೆಗೊಮ್ಮೆ ಸರಿಸಿಟ್ಟಂತೆ.

ಆ ದಿನವೆಲ್ಲ ಅಪ್ಪನ ಜೊತೆ ಕೂತಿದ್ದಾಗ ನನಗೆ ಸ್ಪಷ್ಟವಾದ ಒಂದು ವಿಷಯವಿದೆ. ಚಾನೆಲ್ ಹೋಗಿ ಆ್ಯಪ್ ಬಂತು ಎಂದು ನಾವು ಹೇಳುತ್ತೇವೆ. ನಿಜಕ್ಕೂ ಬದಲಾಗಿರುವುದು ಅದಕ್ಕಿಂತ ಆಳದಲ್ಲಿದೆ. 1948ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾದಂಥ ಕಡೆ, ಬೆಟ್ಟ ಅಡ್ಡ ಬಂದು ಸಿಗ್ನಲ್ ಸಿಗದ ಊರುಗಳಲ್ಲಿ, ಎತ್ತರದಲ್ಲಿ ಒಂದು ದೊಡ್ಡ ಆಂಟೆನಾ ನೆಟ್ಟು ಅಲ್ಲಿಂದ ಮನೆಮನೆಗೆ ತಂತಿ ಎಳೆದರು. ಕೇಬಲ್ ಟಿವಿ ಶುರುವಾದದ್ದು ಹಾಗೆ. ಆಮೇಲೆ ಉಪಗ್ರಹ ಬಂತು, ಡಿಜಿಟಲ್ ಬಂತು, ಚಾನೆಲ್‌ಗಳು ನೂರಾರಾದವು. ಆದರೂ ಅದರ ಮೂಲ ಗುಣ ಬದಲಾಗಲಿಲ್ಲ. ಚಾನೆಲ್‌ಗಳು ಬೇರೆ ಬೇರೆ ಆವರ್ತನಗಳಲ್ಲಿ ಒಂದೇ ತಂತಿಯೊಳಗೆ, ನಾವು ನೋಡಲಿ ಬಿಡಲಿ, ಮನೆಯ ಗೋಡೆಯವರೆಗೆ ಸದಾ ಬರುತ್ತಲೇ ಇರುತ್ತಿದ್ದವು. ಬಾಕ್ಸ್‌ನ ಕೆಲಸ ಅವುಗಳಲ್ಲಿ ಒಂದನ್ನು ಆರಿಸಿ ತೋರಿಸುವುದು ಅಷ್ಟೇ. ಅದಕ್ಕೆ ಒಂದು ನಂಬರು ಸಾಕು.

ನೆಟ್‌ನಲ್ಲಿ ನಾವು ಕೇಳುವವರೆಗೆ ಏನೂ ಹೊರಡುವುದಿಲ್ಲ. ಕೇಳಿದ ಮೇಲೆ ನಮ್ಮೊಬ್ಬರಿಗಾಗಿಯೇ ಎಲ್ಲೋ ಒಂದು ಸರ್ವರ್ ಆ ವಿಡಿಯೊವನ್ನು ಕೆಲವೇ ಸೆಕೆಂಡ್‌ಗಳ ತುಂಡು ತುಂಡಾಗಿ ಕಳಿಸುತ್ತದೆ. ಏನು ಬೇಕೆಂದು ಕೇಳಬೇಕಾದರೆ ಏನೇನಿದೆ ಎಂದು ಮೊದಲು ತಿಳಿಯಬೇಕು. ಅದನ್ನು ಪರದೆ ಚಿತ್ರಗಳಲ್ಲಿ, ಅಕ್ಷರಗಳಲ್ಲಿ ತೋರಿಸುತ್ತದೆ. ಟಿವಿ ಹೀಗೆ ಓದುವ ವಸ್ತುವಾಯಿತು. ಓದಲಾಗದವರಿಗೆ, ಅಂದರೆ ಕಣ್ಣು ಮಂಜಾದ ಹಿರಿಯರಿಗೆ, ಅಕ್ಷರ ಕಲಿಯದವರಿಗೆ, ಕೇಬಲ್ ಕೊಟ್ಟಿದ್ದ ಸ್ವಾತಂತ್ರ್ಯ ಸದ್ದಿಲ್ಲದೆ ಕೈತಪ್ಪಿತು. ಅವರನ್ನು ಯಾರೂ ಕೇಳಲಿಲ್ಲ ಎಂಬುದು ನನಗೆ ಇವತ್ತಿಗೂ ಬೇಸರದ ವಿಷಯ.

ಸಂಜೆ ಒಂದು ಧಾರಾವಾಹಿ ಹಾಕಿಕೊಟ್ಟು ಒಳಗೆ ಹೋದೆ. ಕಂತು ಮುಗಿದರೆ ಮುಂದಿನದು ತಾನಾಗಿ ಶುರುವಾಗುತ್ತದಲ್ಲ, ಇದಾದರೂ ಅವರಿಗೆ ಅನುಕೂಲ ಎಂದುಕೊಂಡಿದ್ದೆ. ಬಂದು ನೋಡಿದರೆ ಅಪ್ಪ ಸುಮ್ಮನೆ ಕೂತಿದ್ದಾರೆ, ಟಿವಿಯಿಂದ ದನಿಯಿಲ್ಲ. "ಯಾಕಮ್ಮಾ ನಿಂತುಹೋಯಿತು? ಕರೆಂಟ್ ಹೋಯಿತಾ?" ಎಂದರು. ಪರದೆಯ ಮೇಲೆ 'ಇನ್ನೂ ನೋಡುತ್ತಿದ್ದೀರಾ?' ಎಂಬ ಪ್ರಶ್ನೆ ನಿಂತಿತ್ತು. ಯಾರೂ ಇಲ್ಲದಾಗ ವಿಡಿಯೊ ಓಡಿ ಡೇಟಾ ವ್ಯರ್ಥವಾಗದಿರಲಿ ಎಂದು ಮಾಡಿದ್ದು, ಒಳ್ಳೆಯ ಉದ್ದೇಶವೇ. ಆದರೆ ಆ ಪ್ರಶ್ನೆಗೆ ದನಿಯಿಲ್ಲ. ಎದುರಿಗೇ ಕೂತು ಕಿವಿಗೊಟ್ಟು ಕೇಳುತ್ತಿದ್ದ ಮನುಷ್ಯನಿಗೆ ತನ್ನನ್ನು ಏನೋ ಕೇಳಲಾಗಿದೆ ಎಂಬುದೇ ತಿಳಿಯಲಿಲ್ಲ.

ಪಂದ್ಯದ ಕತೆ ಬೇರೆ. ಅಪ್ಪ ಟಿವಿಯಲ್ಲಿ ಆಟ ಹಾಕಿ ಅದರ ದನಿ ಅಡಗಿಸಿ ರೇಡಿಯೊ ಕಾಮೆಂಟರಿ ಕೇಳುತ್ತಾರೆ. ಟಿವಿಯ ಕಾಮೆಂಟೇಟರ್ ನಾವು ಚಿತ್ರ ನೋಡುತ್ತಿದ್ದೇವೆಂದು ನಂಬಿ ಮಾತಾಡುತ್ತಾರೆ. ಚೆಂಡು ಎಲ್ಲಿ ಹೋಯಿತೆಂದು ಹೇಳುವವರು ರೇಡಿಯೊದವರೇ. ನಾವು ಚಿತ್ರ ನೋಡುತ್ತಾ, ಅವರು ಕೇಳುತ್ತಾ, ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಕೂಗುತ್ತಿದ್ದೆವು. ಸ್ಟ್ರೀಮಿಂಗ್‌ನಲ್ಲಿ ಒಂದಷ್ಟು ತುಂಡುಗಳು ಮೊದಲೇ ಬಂದು ಶೇಖರವಾದ ಮೇಲೆ ಚಿತ್ರ ಓಡುತ್ತದೆ, ನೆಟ್ ತುಸು ತಡವರಿಸಿದರೂ ನಿಲ್ಲದಿರಲಿ ಎಂದು. ಹಾಗಾಗಿ ನೇರ ಪ್ರಸಾರ ಎಂಬುದು ಹಲವು ಸಲ ಅರ್ಧ ನಿಮಿಷದಷ್ಟು ಹಿಂದಿರುತ್ತದೆ. ಅಪ್ಪ ಸಂತೋಷದಿಂದ ಕೈ ತಟ್ಟಿದಾಗ ನಮ್ಮ ಪರದೆಯಲ್ಲಿ ಇನ್ನೂ ಏನೂ ನಡೆದೇ ಇರುವುದಿಲ್ಲ. ಈಗ ಅವರು ನಮಗಾಗಿ ಕೈ ತಡೆದುಕೊಳ್ಳುತ್ತಾರೆ. ಇದಕ್ಕೆ ಪರಿಹಾರ ನಮ್ಮ ಕೈಯಲ್ಲಿಲ್ಲ. ವಿಳಂಬ ಕಡಿಮೆ ಮಾಡುವ ತಂತ್ರಗಳು ಬರುತ್ತಿವೆ, ಎಲ್ಲ ಆ್ಯಪ್‌ಗಳಲ್ಲೂ ಇಲ್ಲ.

ರಾತ್ರಿ ಊಟದ ನಂತರ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ವಿಭಾಗ ತೆರೆದು ಟಾಕ್‌ಬ್ಯಾಕ್ ಚಾಲೂ ಮಾಡಿದೆ. ಪರದೆಯಲ್ಲಿ ಎಲ್ಲಿದ್ದೇವೆ ಎಂಬುದನ್ನು ಅದು ಓದಿ ಹೇಳತೊಡಗಿತು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಬಾಣದ ಗುಂಡಿ ಒಂದೊಂದೇ ಒತ್ತಿ, ಒಂದೊಂದು ಹೆಸರು ಕೇಳಿಸಿಕೊಳ್ಳುತ್ತಾ ಇಡೀ ಮುಖಪುಟವನ್ನು ತಾವೇ ಸುತ್ತಿ ಬಂದರು. ಕೆಲವು ಆ್ಯಪ್‌ಗಳಲ್ಲಿ ಮಾತ್ರ ಅದು "ಬಟನ್", "ಬಟನ್" ಎಂದಷ್ಟೇ ಹೇಳುತ್ತದೆ. ಮಾಡಿದವರು ಆ ಗುಂಡಿಗಳಿಗೆ ಹೆಸರು ಬರೆದಿರುವುದಿಲ್ಲ. ಹೆಸರು ಬರೆಯುವುದು ದೊಡ್ಡ ಕೆಲಸವೇನಲ್ಲ. ಇಂಥ ಆ್ಯಪ್ ಸಿಕ್ಕಾಗಲೆಲ್ಲ ಅದರವರಿಗೆ ನಾನು ಬರೆಯುತ್ತೇನೆ, ನೀವೂ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಅದೇ ರಾತ್ರಿ ಇನ್ನೊಂದು ಸಿಕ್ಕಿತು. ಆಡಿಯೊ ಡಿಸ್ಕ್ರಿಪ್ಷನ್ ಎಂಬ ಧ್ವನಿಪಥ. ಮಾತಿಲ್ಲದ ಜಾಗದಲ್ಲಿ ಒಬ್ಬರು ಪರದೆಯ ಮೇಲೆ ನಡೆಯುತ್ತಿರುವುದನ್ನು ಚುಟುಕಾಗಿ ಹೇಳುತ್ತಾರೆ. ನೆಟ್‌ಫ್ಲಿಕ್ಸ್ 2015ರಲ್ಲಿ ಇದನ್ನು ಆರಂಭಿಸಿತು, ಈಗ ಬೇರೆ ಸೇವೆಗಳಲ್ಲೂ ಇದೆ. ನಮ್ಮ ಮನೆಗೆ ಬರುತ್ತಿದ್ದ ಕೇಬಲ್ ಇದನ್ನು ಎಂದೂ ಕೊಟ್ಟಿರಲಿಲ್ಲ. ಅಪ್ಪ ಒಂದು ಇಂಗ್ಲಿಷ್ ಸಿನಿಮಾವನ್ನು ಹಾಗೆ ಕೇಳಿದರು. ಒಬ್ಬ ಬಾಗಿಲ ಬಳಿ ನಿಂತು ಹಿಂತಿರುಗಿ ನೋಡುತ್ತಾನೆ, ಕೈಯಲ್ಲಿದ್ದ ಪತ್ರ ಮಡಚುತ್ತಾನೆ ಎಂದು ಆ ದನಿ ಹೇಳಿದಾಗ, "ಇಷ್ಟು ದಿನ ಇಂಥ ಕಡೆ ಬರೀ ಸಂಗೀತ ಕೇಳಿ ಏನೋ ಆಗುತ್ತಿದೆ ಎಂದುಕೊಳ್ಳುತ್ತಿದ್ದೆ" ಎಂದರು. ಬಹಳ ಹೊತ್ತಿನ ತನಕ ಎಚ್ಚರವಿದ್ದು ಸಿನಿಮಾ ಪೂರ್ತಿ ಮುಗಿಸಿದರು.

ಆದ್ದರಿಂದ ಕೇಬಲ್ ಕಾಲವೇ ಒಳ್ಳೆಯದಿತ್ತು ಎಂದು ನಾನು ಹೇಳಲಾರೆ. ಹೋದದ್ದು ದೊಡ್ಡದು, ಬಂದದ್ದೂ ದೊಡ್ಡದು. ಬಂದದ್ದನ್ನು ಮಾತ್ರ ಯಾರಾದರೂ ಸೆಟ್ಟಿಂಗ್ಸ್‌ನ ಆಳದಿಂದ ಹುಡುಕಿ ತೆಗೆದುಕೊಡಬೇಕು. ಒಬ್ಬರೇ ಇರುವ ಹಿರಿಯರಿಗೆ ಅದನ್ನು ಯಾರು ತೆಗೆದುಕೊಡುತ್ತಾರೆ? ಸಾಧನವನ್ನು ಮೊದಲ ಸಲ ಚಾಲೂ ಮಾಡಿದಾಗಲೇ "ಓದಿ ಹೇಳಬೇಕೆ?" ಎಂದು ಅದು ದನಿಯಲ್ಲಿ ಕೇಳಲಿ.

ಅಂಕಿಗಳಿರುವ ಬ್ಲೂಟೂತ್ ರಿಮೋಟ್‌ಗಳೂ ಇವೆಯೆಂದು ತಿಳಿದು ಒಂದನ್ನು ತರಿಸಿದ್ದೇನೆ. ಅದರ 5ರ ಮೇಲೆ ಉಬ್ಬು ಇದೆ. ಒಂದೊಂದು ಅಂಕಿಗೆ ಒಂದೊಂದು ಆ್ಯಪ್ ತೆರೆಯುವಂತೆ ಹೊಂದಿಸುವ ಕೆಲಸ ನಡೆದಿದೆ. ವಾರ್ತೆ ಮತ್ತು ಸಂಗೀತ ಆಗಿದೆ. ಆಡಿಯೊ ಡಿಸ್ಕ್ರಿಪ್ಷನ್ ಇರುವ ಕನ್ನಡ ಸಿನಿಮಾ ಬೇಕೆಂದು ಅಪ್ಪ ದಿನವೂ ಕೇಳುತ್ತಾರೆ. ಹುಡುಕುತ್ತಿದ್ದೇನೆ.